ಡೊರೊಥಿ ಹ್ಯಾನ್ಸಿನ್ ಆಂಡರ್ಸನ್

ಡೊರೊಥಿ ಹ್ಯಾನ್ಸಿನ್ ಆಂಡರ್ಸನ್ (15 ಮೇ 1901 – 3 ಮಾರ್ಚ್ 1963) ಅಮೆರಿಕ ಸಂಯುಕ್ತ ಸಂಸ್ಥಾನದ ರೋಗಶಾಸ್ತ್ರಜ್ಞೆ ಹಾಗೂ ಮಕ್ಕಳ ವೈದ್ಯೆ. ಶ್ವಾಸಕೋಶಗಳನ್ನೂ ಜೀರ್ಣಾಂಗಗಳನ್ನೂ ಕೆಡಿಸುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯನ್ನು ಒಂದು ಪ್ರತ್ಯೇಕ ರೋಗವೆಂದು 1938ರಲ್ಲಿ ಸವಿಸ್ತಾರವಾಗಿ ನಿರೂಪಿಸಿದವರು ಇವರು. ಈ ರೋಗಕ್ಕೆ ಇಂದು ಬಳಕೆಯಲ್ಲಿರುವ ಹೆಸರು ರೂಢಿಗೆ ಬಂದುದೂ ಇವರ ಪ್ರಬಂಧದಿಂದಲೇ. ನ್ಯೂಯಾರ್ಕ್ ನಗರದ ಬೇಬೀಸ್ ಹಾಸ್ಪಿಟಲ್ ಎಂಬ ಮಕ್ಕಳ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಆಂಡರ್ಸನ್ ಹಾಗೂ ಅವರ ಸಹೋದ್ಯೋಗಿಗಳು ನಡೆಸಿದ ಸಂಶೋಧನೆಯ ಫಲವಾಗಿ, ಅಲ್ಲಿಯವರೆಗೆ ಶವಪರೀಕ್ಷೆಯ ಮೇಜಿನ ಮೇಲಷ್ಟೇ ಗೋಚರಿಸುತ್ತಿದ್ದ ಈ ರೋಗವನ್ನು ಮಗು ಬದುಕಿರುವಾಗಲೇ ಗುರುತಿಸಲು ಸಾಧ್ಯವಾಯಿತು.

ಬಾಲ್ಯ ಮತ್ತು ಶಿಕ್ಷಣ

ಆಂಡರ್ಸನ್ ಅವರು ಉತ್ತರ ಕೆರೊಲಿನಾ ರಾಜ್ಯದ ಆಶ್‌ವಿಲ್ ಪಟ್ಟಣದಲ್ಲಿ ಜನಿಸಿದರು. ತಂದೆ ಹಾನ್ಸ್ ಪೀಟರ್ ಆಂಡರ್ಸನ್ ಡೆನ್ಮಾರ್ಕ್ ಮೂಲದವರು, ವೈ.ಎಂ.ಸಿ.ಎ. ಸಂಸ್ಥೆಯಲ್ಲಿ ಕಾರ್ಯದರ್ಶಿಯಾಗಿದ್ದರು. ತಾಯಿ ಮೇರಿ ಲೂಯಿಸ್ ಮೇಸನ್. ದಂಪತಿಗೆ ಡೊರೊಥಿ ಒಬ್ಬಳೇ ಮಗಳು. 1914ರಲ್ಲಿ ತಂದೆ ತೀರಿಕೊಂಡಾಗ ಅನಾರೋಗ್ಯಪೀಡಿತ ತಾಯಿಯ ಆರೈಕೆಯ ಹೊಣೆ ಹದಿಮೂರರ ಆ ಬಾಲಕಿಯ ಮೇಲೆ ಬಿದ್ದಿತು. ತಾಯಿ-ಮಗಳು ವರ್ಮಾಂಟ್ ರಾಜ್ಯದ ಸೇಂಟ್ ಜಾನ್ಸ್‌ಬರಿಗೆ ಹೋಗಿ ನೆಲೆಸಿದರು. 1920ರಲ್ಲಿ ತಾಯಿಯೂ ನಿಧನರಾದರು. ಹತ್ತಿರದ ಬಂಧುಗಳ ಆಸರೆಯಿಲ್ಲದ ಡೊರೊಥಿ ತಮ್ಮ ಜೀವನದ ದಾರಿಯನ್ನು ತಾವೇ ಕಂಡುಕೊಳ್ಳಬೇಕಾಯಿತು.

ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜಿನಿಂದ 1922ರಲ್ಲಿ ಪದವಿ ಪಡೆದು ಅವರು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯನ್ನು ಸೇರಿದರು. ಅಂಗರಚನಾಶಾಸ್ತ್ರದಲ್ಲಿ ಹೆಸರಾಗಿದ್ದ ಫ್ಲಾರೆನ್ಸ್ ಸೇಬಿನ್ ಅಲ್ಲಿ ಅವರ ಮಾರ್ಗದರ್ಶಕಿಯಾದರು. ಸೇಬಿನ್ ಅವರ ಪ್ರಯೋಗಾಲಯದಲ್ಲಿ ಹೆಣ್ಣುಹಂದಿಯ ಸಂತಾನೋತ್ಪತ್ತಿ ಅಂಗಗಳ ರಕ್ತನಾಳ ಮತ್ತು ದುಗ್ಧನಾಳಗಳನ್ನು ಕುರಿತು ಆಂಡರ್ಸನ್ ಕೆಲಸ ಮಾಡಿದರು. ವಿದ್ಯಾರ್ಥಿನಿಯಾಗಿದ್ದಾಗಲೇ ಕೈಗೊಂಡ ಈ ಅಧ್ಯಯನದಿಂದ ಎರಡು ಪ್ರಬಂಧಗಳು ಪ್ರಕಟವಾದವು. 1926ರಲ್ಲಿ ವೈದ್ಯಕೀಯ ಪದವಿ ದೊರೆಯಿತು.

ಶಸ್ತ್ರಚಿಕಿತ್ಸೆಯಿಂದ ಪ್ರಯೋಗಾಲಯಕ್ಕೆ

ಪದವಿಯ ಬಳಿಕ ರೋಚೆಸ್ಟರ್ ವೈದ್ಯಕೀಯ ಶಾಲೆಯಲ್ಲಿ ಒಂದು ವರ್ಷ ಅಂಗರಚನಾಶಾಸ್ತ್ರ ಬೋಧಿಸಿ, ಅದೇ ಊರಿನ ಸ್ಟ್ರಾಂಗ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದರು. ಶಸ್ತ್ರವೈದ್ಯೆಯಾಗುವುದು ಅವರ ಆಸೆಯಾಗಿತ್ತು. ಆದರೆ ಹೆಣ್ಣೆಂಬ ಕಾರಣಕ್ಕೆ ಮುಂದಿನ ಹಂತದ ತರಬೇತಿಗೆ ಅವಕಾಶ ಸಿಗಲಿಲ್ಲ. ಅಂದಿನ ಅಮೆರಿಕದಲ್ಲಿ ಇದು ಅವರೊಬ್ಬರ ಪಾಡಾಗಿರಲಿಲ್ಲ. ವೈದ್ಯಕೀಯ ಪದವಿ ಪಡೆದ ಅನೇಕ ಮಹಿಳೆಯರು ಆಸ್ಪತ್ರೆಯ ವಾರ್ಡುಗಳಿಂದ ದೂರ ಸರಿದು ಪ್ರಯೋಗಾಲಯ ಅಥವಾ ಬೋಧನೆಯನ್ನು ಆಶ್ರಯಿಸಬೇಕಾಗುತ್ತಿತ್ತು.

1929ರಲ್ಲಿ ಆಂಡರ್ಸನ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ರೋಗಶಾಸ್ತ್ರ ವಿಭಾಗದಲ್ಲಿ ಸಹಾಯಕಿಯಾಗಿ ಸೇರಿದರು. ಮರುವರ್ಷ ಅವರಿಗೆ ಬೋಧಕ ಹುದ್ದೆ ಲಭಿಸಿತು. ನಿರ್ನಾಳ ಗ್ರಂಥಿಗಳಿಗೂ ಸ್ತ್ರೀ ಸಂತಾನೋತ್ಪತ್ತಿಗೂ ಇರುವ ಸಂಬಂಧವನ್ನು ಕುರಿತ ಸಂಶೋಧನೆಗಾಗಿ 1935ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ವೈದ್ಯ ವಿಜ್ಞಾನದ ಡಾಕ್ಟರೇಟ್ ಪಡೆದರು. ಆ ವರ್ಷವೇ ಕೊಲಂಬಿಯಾ-ಪ್ರೆಸ್ಬಿಟೇರಿಯನ್ ವೈದ್ಯಕೀಯ ಕೇಂದ್ರಕ್ಕೆ ಸೇರಿದ ಬೇಬೀಸ್ ಹಾಸ್ಪಿಟಲಿನಲ್ಲಿ ರೋಗಶಾಸ್ತ್ರಜ್ಞೆಯಾಗಿ ನೇಮಕಗೊಂಡರು. ಜೀವನದ ಕೊನೆಯವರೆಗೂ ಅವರ ಕಾರ್ಯಕ್ಷೇತ್ರ ಅದೇ ಆಸ್ಪತ್ರೆಯಾಗಿತ್ತು.

ಮೃತ ಮಕ್ಕಳ ದೇಹಗಳನ್ನು ಪರೀಕ್ಷಿಸಿ ಸಾವಿನ ಕಾರಣವನ್ನು ನಿರ್ಣಯಿಸುವುದು ಅಲ್ಲಿ ಅವರ ಮುಖ್ಯ ಕೆಲಸ. ಮೊದಮೊದಲು ಅವರ ಗಮನ ಹೃದಯದ ಹುಟ್ಟು ದೋಷಗಳ ಕಡೆಗಿತ್ತು. ಇಂತಹ ಹೃದಯಗಳ ದೊಡ್ಡ ಸಂಗ್ರಹವೊಂದನ್ನು ಅವರು ಬೆಳೆಸಿದರು. ಮುಂದೆ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಬೆಳವಣಿಗೆ ಹೊಂದುತ್ತಿದ್ದ ಕಾಲದಲ್ಲಿ ಶಸ್ತ್ರವೈದ್ಯರಿಗೆ ಪಾಠವಾದದ್ದು ಈ ಸಂಗ್ರಹವೇ. ತಮಗೆ ಶಸ್ತ್ರಚಿಕಿತ್ಸೆಯ ಬಾಗಿಲು ಮುಚ್ಚಲ್ಪಟ್ಟಿದ್ದರೂ ಶಸ್ತ್ರವೈದ್ಯರಿಗೆ ಹೃದಯದ ರಚನೆಯನ್ನು ಕಲಿಸಿದವರು ಅವರು.

1938ರ ಪ್ರಬಂಧ

ಬೇಬೀಸ್ ಹಾಸ್ಪಿಟಲಿಗೆ ಬಂದ ವರ್ಷವೇ ಸೀಲಿಯಾಕ್ ಕಾಯಿಲೆಯಿಂದ ಸತ್ತಿದೆಯೆಂದು ದಾಖಲಾಗಿದ್ದ ಮಗುವೊಂದರ ಶವಪರೀಕ್ಷೆ ಅವರ ಪಾಲಿಗೆ ಬಂದಿತು. ಉಂಡದ್ದು ಮೈಗೆ ಹತ್ತದೆ, ಹೊಟ್ಟೆ ಉಬ್ಬಿ, ಜಿಡ್ಡಿನಿಂದ ಕೂಡಿದ ಭೇದಿಯಾಗಿ ಸೊರಗುವ ಮಕ್ಕಳಿಗೆಲ್ಲ ಆಗ ವೈದ್ಯರು ಹಚ್ಚುತ್ತಿದ್ದ ಹೆಸರು ಸೀಲಿಯಾಕ್. ಅದಕ್ಕೂ ಗೋಧಿಗೂ ಇರುವ ನಂಟನ್ನು ಹಾಲೆಂಡಿನ ವೈದ್ಯ ವಿಲೆಮ್ ಡಿಕ್ಕೆ ತೋರಿಸಿಕೊಟ್ಟದ್ದು ಎಷ್ಟೋ ವರ್ಷಗಳ ನಂತರ. ಆದರೆ ಆ ಮಗುವಿನ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಡಿ ಇರಿಸಿದಾಗ ಅಲ್ಲಿ ಆರೋಗ್ಯವಂತ ಅಂಗಾಂಶ ಉಳಿದಿರಲಿಲ್ಲ. ನಾಳಗಳು ಗಟ್ಟಿಯಾದ ಸ್ರಾವದಿಂದ ಮುಚ್ಚಿಹೋಗಿ ಹಿಗ್ಗಿ ಗುಳ್ಳೆಗಳಾಗಿದ್ದವು. ಅವುಗಳ ಸುತ್ತ ನಾರಿನಂತಹ ಅಂಗಾಂಶ ಹಬ್ಬಿತ್ತು. ಸೀಲಿಯಾಕ್ ಕಾಯಿಲೆಯಲ್ಲಿ ಹೀಗಾಗುವುದಿಲ್ಲ.

ಒಂದು ಪ್ರಕರಣವನ್ನೇ ನೆಚ್ಚಿ ತೀರ್ಮಾನಕ್ಕೆ ಬರದೆ ಆಂಡರ್ಸನ್ ಹಳೆಯ ಶವಪರೀಕ್ಷಾ ದಾಖಲೆಗಳನ್ನು ಶೋಧಿಸತೊಡಗಿದರು. ತಮ್ಮ ಆಸ್ಪತ್ರೆಯ ಕಡತಗಳ ಜೊತೆಗೆ ಬೇರೆಡೆಯ ಪ್ರಕರಣಗಳನ್ನೂ ಪ್ರಕಟಿತ ವರದಿಗಳನ್ನೂ ಒಟ್ಟುಗೂಡಿಸಿದರು. ಹೀಗೆ ದೊರೆತ 49 ಪ್ರಕರಣಗಳ ವಿಶ್ಲೇಷಣೆ 1938ರಲ್ಲಿ ಮಕ್ಕಳ ರೋಗಗಳಿಗೆ ಮೀಸಲಾದ ಅಮೆರಿಕದ ಪ್ರಮುಖ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಮೇದೋಜೀರಕದ ಹಾನಿ, ಕರುಳಿನ ತೊಂದರೆ, ಮತ್ತೆ ಮತ್ತೆ ಕಾಡುವ ಶ್ವಾಸಕೋಶದ ಸೋಂಕು ಇವು ಬೇರೆಬೇರೆ ಕಾಯಿಲೆಗಳಲ್ಲ, ಒಂದೇ ರೋಗದ ಹಲವು ಮುಖಗಳು ಎಂಬುದು ಪ್ರಬಂಧದ ಸಾರ. ಸ್ವಿಟ್ಜರ್ಲೆಂಡಿನ ಗಿಡೋ ಫ್ಯಾಂಕೋನಿ 1936ರಲ್ಲಿಯೇ ಇಂತಹ ಮಕ್ಕಳನ್ನು ವರ್ಣಿಸಿದ್ದರೆಂಬುದನ್ನು ಇಲ್ಲಿ ಹೇಳಬೇಕು. ಆದರೆ ರೋಗದ ಪೂರ್ಣ ಚಿತ್ರಣ ಲಭಿಸಿದ್ದು ಆಂಡರ್ಸನ್ ಅವರ ಬರಹದಲ್ಲಿ. ಈ ಕಾರ್ಯಕ್ಕಾಗಿ ಅವರಿಗೆ ಇ. ಮೀಡ್ ಜಾನ್ಸನ್ ಪ್ರಶಸ್ತಿ ಸಂದಿತು.

ರೋಗದ ಮೂಲವನ್ನು ಕುರಿತು ಆಗ ಅವರು ಮಾಡಿದ ಊಹೆ ಮಾತ್ರ ನಿಲ್ಲಲಿಲ್ಲ. ಕೊಬ್ಬು ಜೀರ್ಣವಾಗದ ಕಾರಣ ‘ಎ’ ಜೀವಸತ್ವದ ಕೊರತೆಯುಂಟಾಗಿ ಶ್ವಾಸನಾಳಗಳು ಕೆಡುತ್ತವೆಂದು ಅವರು ಭಾವಿಸಿದ್ದರು. ಈ ಊಹೆಯಿಂದ ಅವರನ್ನು ಆಚೆಗೆ ಕರೆದೊಯ್ದದ್ದು ಅವರದೇ ಮುಂದಿನ ಸಂಶೋಧನೆ. ಸಹೋದ್ಯೋಗಿ ರಿಚರ್ಡ್ ಹಾಜಸ್ ಅವರೊಡನೆ ರೋಗಿಗಳ ಕುಟುಂಬಗಳನ್ನು ಅಧ್ಯಯನ ಮಾಡಿ, ಇದು ವಂಶವಾಹಿಯ ಮೂಲಕ ಬರುವ ರೋಗ, ಅದರಲ್ಲಿಯೂ ಅಪ್ರಬಲ ಗುಣವಾಗಿ ಹರಿದುಬರುವಂಥದು ಎಂದು 1946ರಲ್ಲಿ ಪ್ರಕಟಿಸಿದರು. ದೋಷಯುಕ್ತ ವಂಶವಾಹಿಯನ್ನು ತಂದೆ-ತಾಯಿ ಇಬ್ಬರಿಂದಲೂ ಪಡೆದ ಮಗುವಿಗೆ ಮಾತ್ರ ರೋಗ ಬರುತ್ತದೆ. ಆದುದರಿಂದಲೇ ಆರೋಗ್ಯವಂತ ದಂಪತಿಗೂ ಇಂತಹ ಮಗು ಹುಟ್ಟಬಹುದು.

ಜೀವಂತ ಮಕ್ಕಳತ್ತ

ಸತ್ತ ಮೇಲೆ ರೋಗದ ಹೆಸರು ತಿಳಿದರೆ ಹೆತ್ತವರಿಗೆ ಅದರಿಂದ ಪ್ರಯೋಜನವಿಲ್ಲ. ಮಕ್ಕಳ ಚಿಕಿತ್ಸೆಯಲ್ಲಿ ವಿಧಿವತ್ತಾದ ತರಬೇತಿ ಇಲ್ಲದಿದ್ದ ಆಂಡರ್ಸನ್ ಅದನ್ನು ಸ್ವಪ್ರಯತ್ನದಿಂದ ಕಲಿತರು. ತೆಳುವಾದ ನಳಿಕೆಯನ್ನು ಮಗುವಿನ ಜಠರದಾಚೆ ಸಣ್ಣ ಕರುಳಿನ ಆರಂಭಕ್ಕೆ ಇಳಿಸಿ, ಅಲ್ಲಿಂದ ತೆಗೆದ ರಸದಲ್ಲಿ ಮೇದೋಜೀರಕದ ಕಿಣ್ವಗಳಿವೆಯೇ ಎಂದು ಅಳೆಯುವ ಕ್ರಮವನ್ನು ಅವರು ರೂಪಿಸಿದರು. ಕಿಣ್ವಗಳು ಇಲ್ಲವಾದರೆ ರೋಗವಿರುವುದು ಬಹುಮಟ್ಟಿಗೆ ಖಚಿತ. ಮಗುವಿಗೂ ವೈದ್ಯರಿಗೂ ತ್ರಾಸದಾಯಕವಾಗಿದ್ದ ಈ ಪರೀಕ್ಷೆಯೇ ಹಲವು ವರ್ಷ ರೋಗನಿರ್ಣಯದ ಮುಖ್ಯ ಸಾಧನವಾಗಿತ್ತು.

ರೋಗ ಪತ್ತೆಯಾದ ಮಕ್ಕಳಿಗೆ ಕೊಬ್ಬು ಕಡಿಮೆಯಿರುವ ಪೌಷ್ಟಿಕ ಆಹಾರ, ಜೀವಸತ್ವಗಳು, ಪ್ರಾಣಿಗಳ ಮೇದೋಜೀರಕದಿಂದ ತಯಾರಿಸಿದ ಕಿಣ್ವ ಇವುಗಳನ್ನು ಕೊಡಲಾಯಿತು. ಆದರೂ ಹೆಚ್ಚಿನ ಮಕ್ಕಳ ಪ್ರಾಣ ತೆಗೆಯುತ್ತಿದ್ದುದು ಶ್ವಾಸಕೋಶದ ಸೋಂಕು. ಗಟ್ಟಿ ಲೋಳೆ ಶ್ವಾಸನಾಳಗಳಲ್ಲಿ ನಿಂತು ಅದರೊಳಗೆ ರೋಗಾಣುಗಳು ಬೀಡುಬಿಡುತ್ತಿದ್ದವು. ಇಲ್ಲಿ ಆಂಡರ್ಸನ್ ಅವರಿಗೆ ಜೊತೆಯಾದವರು ಇಟಲಿ ಮೂಲದ ಮಕ್ಕಳ ವೈದ್ಯ ಪಾಲ್ ಡಿ ಸಾಂಟ್ ಆಗ್ನೀಸ್. ಸಲ್ಫಾ ಔಷಧಿಗಳನ್ನೂ ಆಗಷ್ಟೇ ದೊರೆಯತೊಡಗಿದ್ದ ಪೆನಿಸಿಲಿನ್ನನ್ನೂ ಇಬ್ಬರೂ ಈ ಮಕ್ಕಳ ಮೇಲೆ ಬಳಸಿ ನೋಡಿದರು. ಪೆನಿಸಿಲಿನ್ ದ್ರಾವಣವನ್ನು ಮಂಜಿನಂತೆ ಸೂಕ್ಷ್ಮ ಹನಿಗಳಾಗಿಸಿ ಉಸಿರಿನೊಂದಿಗೆ ಒಳಗೆಳೆದುಕೊಳ್ಳುವಂತೆ ಮಾಡುವ ವಿಧಾನದ ಫಲಿತಾಂಶಗಳನ್ನು 1946ರಲ್ಲಿ ಪ್ರಕಟಿಸಿದರು. ಔಷಧವನ್ನು ಹೀಗೆ ನೇರವಾಗಿ ಶ್ವಾಸಕೋಶಕ್ಕೆ ಮುಟ್ಟಿಸುವುದು ಇಂದಿಗೂ ಈ ರೋಗದ ಚಿಕಿತ್ಸೆಯ ಭಾಗವಾಗಿದೆ.

ಬೇಸಿಗೆಯ ಬಿಸಿ ಮತ್ತು ಬೆವರಿನ ಉಪ್ಪು

1948ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ ತೀವ್ರವಾದ ಬಿಸಿಗಾಳಿ ಬೀಸಿತು. ಬಿಸಿಲ ಬೇಗೆಗೆ ಬಳಲಿ ಬೇಬೀಸ್ ಹಾಸ್ಪಿಟಲಿಗೆ ದಾಖಲಾದ ಮಕ್ಕಳಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇದ್ದವರ ಸಂಖ್ಯೆ ಅಸಹಜವಾಗಿ ಹೆಚ್ಚಾಗಿತ್ತು. ಇಷ್ಟೊಂದು ಅಪರೂಪದ ರೋಗದ ಮಕ್ಕಳೇ ಏಕೆ ಕುಸಿಯಬೇಕು? ವಾಲ್ಟರ್ ಕೆಸ್ಲರ್ ಮತ್ತು ಆಂಡರ್ಸನ್ ಈ ಸಂಗತಿಯನ್ನು 1951ರಲ್ಲಿ ವರದಿ ಮಾಡಿದರು. ಉತ್ತರ ದೊರಕಿಸಿದವರು ಡಿ ಸಾಂಟ್ ಆಗ್ನೀಸ್ ಮತ್ತು ಅವರ ಸಂಗಡಿಗರು: ಈ ಮಕ್ಕಳ ಬೆವರಿನಲ್ಲಿ ಸೋಡಿಯಂ ಹಾಗೂ ಕ್ಲೋರೈಡ್ ವಿಪರೀತ ಹೆಚ್ಚಾಗಿರುತ್ತದೆಂದು 1953ರಲ್ಲಿ ಅವರು ತೋರಿಸಿದರು. ಬೆವರಿನೊಡನೆ ಉಪ್ಪು ಹರಿದುಹೋಗುವುದರಿಂದ ಬೇಸಿಗೆಯಲ್ಲಿ ಅವರ ದೇಹ ಬೇಗ ಸೋಲುತ್ತಿತ್ತು. ಮುದ್ದಿಸಿದಾಗ ಹಣೆ ಉಪ್ಪುಪ್ಪಾಗಿರುವ ಮಗು ಹೆಚ್ಚು ದಿನ ಬಾಳದೆಂಬ ನಂಬಿಕೆ ಯೂರೋಪಿನ ಹಳ್ಳಿಗರಲ್ಲಿ ಬಹುಕಾಲದಿಂದ ಇತ್ತು. ಅಜ್ಜಿಯಂದಿರು ನಾಲಿಗೆಯಿಂದ ಅರಿತದ್ದಕ್ಕೆ ಕಾರಣ ಈಗ ದೊರೆಯಿತು.

ಇದರಿಂದ ನಳಿಕೆಯ ಕಷ್ಟ ತಪ್ಪಿತು. 1959ರಲ್ಲಿ ಲೂಯಿಸ್ ಗಿಬ್ಸನ್ ಮತ್ತು ರಾಬರ್ಟ್ ಕುಕ್ ಎಂಬವರು ಚರ್ಮದ ಸಣ್ಣ ಭಾಗದಿಂದ ಬೆವರು ತೆಗೆಯುವ ಸುರಕ್ಷಿತ ವಿಧಾನವನ್ನು ರೂಪಿಸಿದ ಮೇಲೆ ಬೆವರಿನ ಪರೀಕ್ಷೆ ಎಲ್ಲೆಡೆ ಬಳಕೆಗೆ ಬಂದಿತು. ಈ ಸಾಧನೆಯ ಕೀರ್ತಿಯನ್ನು ಒಬ್ಬರಿಗೇ ಕಟ್ಟುವುದು ಸರಿಯಲ್ಲ. ಆಂಡರ್ಸನ್ ಅವರ ಹೆಸರಿನಲ್ಲಿಯೇ ಇಡೀ ಆವಿಷ್ಕಾರವನ್ನು ಹೇಳುವ ಬರಹಗಳಿವೆ, ಅವರನ್ನು ಪೂರ್ತಿ ಮರೆತ ಬರಹಗಳೂ ಇವೆ. ವಾಸ್ತವದಲ್ಲಿ ಒಂದೇ ಆಸ್ಪತ್ರೆಯಲ್ಲಿ ಅಕ್ಕಪಕ್ಕ ದುಡಿದವರು ಹಂತಹಂತವಾಗಿ ಬಿಡಿಸಿದ ಸಮಸ್ಯೆ ಇದು.

ಇತರ ಸಂಶೋಧನೆ, ಹುದ್ದೆಗಳು

1956ರಲ್ಲಿ ಆಂಡರ್ಸನ್ ಮತ್ತೊಂದು ಅಪರೂಪದ ರೋಗವನ್ನು ವಿವರಿಸಿದರು. ಯಕೃತ್ತಿನಲ್ಲಿ ವಿಲಕ್ಷಣ ರಚನೆಯ ಗ್ಲೈಕೋಜನ್ ಶೇಖರವಾಗಿ ಮಗುವಿನ ಯಕೃತ್ತು ಕೆಡುವ ಈ ರೋಗಕ್ಕೆ ಆಂಡರ್ಸನ್ ಕಾಯಿಲೆ ಎಂದೇ ಹೆಸರಿದೆ. 1952ರಲ್ಲಿ ಅವರು ಬೇಬೀಸ್ ಹಾಸ್ಪಿಟಲಿನ ರೋಗಶಾಸ್ತ್ರ ವಿಭಾಗದ ಮುಖ್ಯಸ್ಥೆಯಾದರು. ಪೂರ್ಣ ಪ್ರಾಧ್ಯಾಪಕ ಹುದ್ದೆ ದೊರೆತದ್ದು 1958ರಲ್ಲಿ, ಅಂದರೆ ಪ್ರಸಿದ್ಧ ಪ್ರಬಂಧ ಪ್ರಕಟವಾಗಿ ಇಪ್ಪತ್ತು ವರ್ಷಗಳ ಮೇಲೆ. ಈ ವಿಳಂಬ ಅವರ ಅರ್ಹತೆಯ ಅಳತೆಯಂತೂ ಅಲ್ಲ.

ವ್ಯಕ್ತಿತ್ವ ಮತ್ತು ನಿಧನ

ಆಂಡರ್ಸನ್ ಅವಿವಾಹಿತೆಯಾಗಿ ಉಳಿದರು. ವೇಷಭೂಷಣದ ಗೊಡವೆ ಅವರಿಗಿರಲಿಲ್ಲ. ಕೆದರಿದ ಕೂದಲು, ಸದಾ ಬೆರಳ ಸಂದಿಯಲ್ಲಿರುತ್ತಿದ್ದ ಸಿಗರೇಟು, ಅಸ್ತವ್ಯಸ್ತ ಪ್ರಯೋಗಾಲಯ ಇವುಗಳ ಬಗ್ಗೆ ಟೀಕೆಗಳೂ ಕೇಳಿಬರುತ್ತಿದ್ದವು. ಬೆಟ್ಟ ಹತ್ತುವುದು, ದೋಣಿ ನಡೆಸುವುದು, ಮರಗೆಲಸ ಅವರಿಗೆ ಪ್ರಿಯವಾಗಿದ್ದವು. ನ್ಯೂ ಜೆರ್ಸಿಯ ಕಿಟಾಟಿನಿ ಬೆಟ್ಟಸಾಲಿನಲ್ಲಿದ್ದ ತಮ್ಮ ತೋಟದ ಮನೆಯಲ್ಲಿ ಕಲ್ಲಿನ ಒಲೆಗೂಡನ್ನೂ ಹೊಗೆಕೊಳವೆಯನ್ನೂ ಸ್ವಂತ ಕೈಯಿಂದ ಕಟ್ಟಿದ್ದರು.

ಅವರ ಕೊನೆಯ ವರ್ಷಗಳ ಬರಹಗಳಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇರುವ ತರುಣ ವಯಸ್ಕರನ್ನು ಕುರಿತ ಅಧ್ಯಯನವೂ ಸೇರಿದೆ. ಶೈಶವದಲ್ಲೇ ಸಾಯುತ್ತಿದ್ದ ರೋಗಿಗಳಲ್ಲಿ ಕೆಲವರಾದರೂ ಪ್ರಾಯಕ್ಕೆ ಬಂದಿದ್ದರು. 1962ರಲ್ಲಿ ಆಂಡರ್ಸನ್ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಪತ್ತೆಯಾಗಿ ಶಸ್ತ್ರಚಿಕಿತ್ಸೆ ನಡೆಯಿತು. 1963ರ ಮಾರ್ಚ್ 3ರಂದು ನ್ಯೂಯಾರ್ಕಿನಲ್ಲಿ ನಿಧನರಾದರು. ಆಗ ಅವರಿಗೆ 61 ವರ್ಷ. ಮರಣಾನಂತರ ಅಮೆರಿಕದ ರಾಷ್ಟ್ರೀಯ ಮಹಿಳಾ ಕೀರ್ತಿಭವನದಲ್ಲಿ ಅವರ ಹೆಸರನ್ನು ಸೇರಿಸಲಾಯಿತು.

1946ರಲ್ಲಿ ಅವರೂ ಹಾಜಸ್ ಅವರೂ ಕುಟುಂಬಗಳ ದಾಖಲೆಯಿಂದ ತರ್ಕಿಸಿದ್ದ ವಂಶವಾಹಿ 1989ರಲ್ಲಿ ಏಳನೆಯ ವರ್ಣತಂತುವಿನ ಮೇಲೆ ಪತ್ತೆಯಾಯಿತು. ಲ್ಯಾಪ್-ಚೀ ಟ್ಸುಯಿ, ಜಾನ್ ರಿಯೋರ್ಡಾನ್ ಮತ್ತು ಫ್ರಾನ್ಸಿಸ್ ಕಾಲಿನ್ಸ್ ಅವರ ತಂಡಗಳು ಅದನ್ನು ಗುರುತಿಸಿದವು. ಜೀವಕೋಶದ ಪೊರೆಯ ಮೂಲಕ ಕ್ಲೋರೈಡ್ ಹಾದುಹೋಗಲು ದಾರಿಯಾಗುವ ಪ್ರೋಟೀನಿನ ತಯಾರಿಕೆಗೆ ಈ ವಂಶವಾಹಿಯೇ ಆಧಾರ. ಅದು ಕೆಟ್ಟಾಗ ಬೆವರು ಉಪ್ಪಾಗುತ್ತದೆ, ಶ್ವಾಸನಾಳದ ಲೋಳೆ ಗಟ್ಟಿಯಾಗುತ್ತದೆ, ಮೇದೋಜೀರಕದ ನಾಳಗಳು ಮುಚ್ಚುತ್ತವೆ. ಆ ಪ್ರೋಟೀನಿನ ದೋಷವನ್ನೇ ಸರಿಪಡಿಸುವ ಮೊದಲ ಔಷಧಿಗೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ದೊರೆಯಿತು.