ಯಲ್ಲಾಪ್ರಗಡ ಸುಬ್ಬರಾವ್: ಕೋಶಗಳ ಬೆಳವಣಿಗೆಯ ಬೆನ್ನು ಹತ್ತಿದವರು

ಇಂದು ಜೀವಕೋಶ ಸಂಶೋಧನೆಯಲ್ಲಿ ಗ್ರೋತ್ ಫ್ಯಾಕ್ಟರ್ ಎಂದರೆ ಬೆಳೆಯಲು, ವಿಭಜನೆಯಾಗಲು ಕೋಶಕ್ಕೆ ಸೂಚನೆ ಕೊಡುವ ಪ್ರೋಟೀನ್. 1940ರ ದಶಕದಲ್ಲಿ ಕೆಲವು ವಿಟಮಿನ್‌ಗಳನ್ನೂ ಹಾಗೆಯೇ ಕರೆಯುತ್ತಿದ್ದರು. ಅಂಥದ್ದೊಂದರ ಹಿಂದೆ ಬಿದ್ದವರು ಯಲ್ಲಾಪ್ರಗಡ ಸುಬ್ಬರಾವ್. ಅವರು ಮೆಟ್ರಿಕ್ ಪಾಸಾದದ್ದು ಮೂರನೇ ಪ್ರಯತ್ನದಲ್ಲಿ ಎಂದು ಓದಿದ ಮೇಲೆ ಅವರ ಬಗ್ಗೆ ಬರೆಯಲೇಬೇಕೆಂದು ನನಗನ್ನಿಸಿತು.

ಹುಟ್ಟಿದ್ದು 1895ರಲ್ಲಿ, ಆಂಧ್ರದ ಭೀಮವರಂನಲ್ಲಿ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಬ್ರಿಟಿಷ್ ಪ್ರಾಧ್ಯಾಪಕರಿಗೆ ಅದು ಹಿಡಿಸಲಿಲ್ಲ. ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಸಿಕ್ಕಿತು. ಆ ವರ್ಷಗಳಲ್ಲೇ ಇಬ್ಬರು ಸಹೋದರರು ಸ್ಪ್ರೂ ಕಾಯಿಲೆಯಿಂದ ತೀರಿಕೊಂಡರು. ತಿಂದದ್ದು ಮೈಗೆ ಹತ್ತದೆ ರಕ್ತಹೀನತೆಯಿಂದ ಸೊರಗುವ ಕಾಯಿಲೆಯದು.

1920ರ ದಶಕದ ಆರಂಭದಲ್ಲಿ ಬಾಸ್ಟನ್ನಿಗೆ ಹೋದ ಅವರು ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದು ಹೊಟ್ಟೆ ಹೊರೆದರು. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆ ಸ್ನಾಯುಗಳಲ್ಲಿ ಎಟಿಪಿ ಕಂಡುಹಿಡಿದರು. ಹೌದು, ನಾವು ಉಸಿರಾಟದ ಪಾಠದಲ್ಲಿ ಓದುವ ಅದೇ ಎಟಿಪಿ! ಆದರೂ ಅಲ್ಲಿ ಖಾಯಂ ಹುದ್ದೆ ಸಿಗಲಿಲ್ಲ.

1940ರಲ್ಲಿ ಲೆಡರ್ಲೆ ಕಂಪನಿ ಸೇರಿದರು. ಮುಂಬೈಯ ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣವಾಗುವುದನ್ನು ಲೂಸಿ ವಿಲ್ಸ್ ಎಂಬ ವೈದ್ಯೆ ಹತ್ತು ವರ್ಷ ಮೊದಲೇ ತೋರಿಸಿದ್ದರು. ಅದರಲ್ಲಿದ್ದದ್ದು ಫೋಲಿಕ್ ಆಮ್ಲ. ಸುಬ್ಬರಾವ್ ಅವರ ತಂಡ 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿತು. ಸ್ಪ್ರೂಗೂ ಅದೇ ಮದ್ದಾಯಿತು. ಸಹೋದರರ ಪಾಲಿಗೆ ಮಾತ್ರ ಬಹಳ ತಡವಾಗಿತ್ತು. ಪುತ್ತೂರು, ಸುಳ್ಯ, ಕಡಬದ ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ, ಹೈಸ್ಕೂಲಿನಲ್ಲಿ ನಾವು ಮುಖ ಸಿಂಡರಿಸಿ ನುಂಗಿದ ನೀಲಿ ಮಾತ್ರೆಯಲ್ಲಿ ಇರುವುದೂ ಅದೇ.

ನನಗೆ ಇದಕ್ಕಿಂತ ದೊಡ್ಡದೆನಿಸುವುದು ಮುಂದಿನ ಕೆಲಸ. ಡಿಎನ್‌ಎ ತಯಾರಿಸಲು ಕೋಶಕ್ಕೆ ಫೋಲಿಕ್ ಆಮ್ಲ ಬೇಕು. ಅದನ್ನೇ ಹೋಲುವ ನಕಲಿ ವಸ್ತು ಕೊಟ್ಟರೆ? ಕೋಶ ಮೋಸಹೋಗುತ್ತದೆ, ವಿಭಜನೆ ನಿಲ್ಲುತ್ತದೆ. ಹೀಗೆ ಅವರ ತಂಡ ತಯಾರಿಸಿದ ಅಮಿನೋಪ್ಟೆರಿನ್ನನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರ್‌ನ 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡರು. ಅದಕ್ಕೂ ಮೊದಲು ಈ ರೋಗಕ್ಕೆ ಮದ್ದೇ ಇರಲಿಲ್ಲ. ಅದರ ಸಹೋದರ ಔಷಧ ಮೆಥೋಟ್ರೆಕ್ಸೇಟ್ ಈಗಲೂ ಬಳಕೆಯಲ್ಲಿದೆ.

ಫಾರ್ಬರ್ ವರದಿ ಪ್ರಕಟವಾದದ್ದು 1948ರ ಜೂನ್‌ನಲ್ಲಿ. ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು, 53ನೇ ವಯಸ್ಸಿನಲ್ಲಿ. ನಮ್ಮಲ್ಲಿ ಗಲ್ಫಿಗೆ ಹೋದವರು ಎರಡು ಮೂರು ವರ್ಷಕ್ಕೊಮ್ಮೆಯಾದರೂ ರಜೆಯಲ್ಲಿ ಬರುತ್ತಾರೆ. ಕಾಲು ಶತಮಾನದಲ್ಲಿ ಅವರು ಒಮ್ಮೆಯೂ ಊರಿಗೆ ಬರಲಿಲ್ಲ. ಪತ್ನಿ ಶೇಷಗಿರಿ ಅವರನ್ನು ಮತ್ತೆ ನೋಡಲೇ ಇಲ್ಲ.