ತಂಬೂರಿ ತಿದ್ದಿದ ಗಾಯಕ: ಉಸ್ತಾದ್ ಅಬ್ದುಲ್ ಕರೀಮ್ ಖಾನ್

ಕೃಷ್ಣಾ ತೀರದ ಮೀರಜಿನಲ್ಲಿ ಮರಾಠಿ ಮತ್ತು ಕನ್ನಡ ಒಂದೇ ಪೇಟೆಯಲ್ಲಿ ವ್ಯಾಪಾರ ಮಾಡುತ್ತವೆ. ಆ ಊರಿನ ಸತಾರ್‌ಮೇಕರ್ ಓಣಿಗೆ ಹೊಕ್ಕವರಿಗೆ ಮೊದಲು ಕಾಣುವುದು ಸೂರಿನಿಂದ ತೂಗುವ ಒಣಗಿದ ಸೋರೆಬುರುಡೆಗಳು; ಮೊದಲು ಕೇಳುವುದು ಯಾರೋ ಒಬ್ಬರು ಒಂದೇ ತಂತಿಯನ್ನು ಮತ್ತೆ ಮತ್ತೆ ಮೀಟುವ ಸದ್ದು. ಕೊಳ್ಳಲು ಬಂದವರು ಇಲ್ಲಿ ಅವಸರ ಮಾಡುವಂತಿಲ್ಲ. ತಂಬೂರಿಯನ್ನು ತೊಡೆಯ ಮೇಲಿಟ್ಟು, ಕಿವಿಯನ್ನು ದಂಡಿಗೆ ಹತ್ತಿರ ತಂದು, ಕಣ್ಣುಮುಚ್ಚಿ ಕೂರಬೇಕು. ಹಿಂದೂಸ್ತಾನಿ ಸಂಗೀತದ ಇತಿಹಾಸದಲ್ಲಿ ಹೀಗೆ ಕೂರುವುದನ್ನೇ ಸಾಧನೆಯಾಗಿ ಮಾಡಿಕೊಂಡ ಗಾಯಕರೊಬ್ಬರು ಈ ಊರನ್ನು ತಮ್ಮದಾಗಿಸಿಕೊಂಡರು. ಅವರು ಹುಟ್ಟಿದ್ದು ಇಲ್ಲಿಂದ ಬಹುದೂರ, ಉತ್ತರದ ಕೈರಾನಾದಲ್ಲಿ.

ಅಬ್ದುಲ್ ಕರೀಮ್ ಖಾನರ ಜನನ 1872ರಲ್ಲಿ. ತಂದೆ ಕಾಳೆ ಖಾನ್; ಮನೆತನವೇ ಸಂಗೀತದ್ದು. ಕೈರಾನಾದ ಆ ಮನೆಗಳಲ್ಲಿ ಗಾಯನದಷ್ಟೇ ಸಾರಂಗಿಗೂ ಬೀನ್‌ಗೂ ಸ್ಥಾನವಿತ್ತು. ಬಾಲಕನ ಬೆರಳುಗಳು ಮೊದಲು ವಾದ್ಯಗಳ ಮೇಲೆ ಆಡಿದವು. ಸಾರಂಗಿ, ಬೀನ್, ಸಿತಾರ್, ತಬಲಾ ಎಲ್ಲವೂ ಕೈಗೆ ಬಂದವು. ಮುಂದೆ ಗಾಯಕರೆಂದೇ ಲೋಕ ಅವರನ್ನು ಗುರುತಿಸಿದರೂ ವಾದ್ಯಕಾರನ ಕೈ ಅವರನ್ನು ಕೊನೆಯವರೆಗೆ ಬಿಡಲಿಲ್ಲ. ಸಾರಂಗಿಯ ಮೇಲೆ ಕಮಾನು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ರೀತಿ ಅವರ ಕಂಠದಲ್ಲಿಯೂ ಕಾಣುತ್ತದೆ. ಶಬ್ದಗಳ ಸ್ಪಷ್ಟತೆಗಿಂತ ಸ್ವರದ ಅವಿಚ್ಛಿನ್ನತೆಗೆ ಹೆಚ್ಚು ಬೆಲೆ ಕೊಟ್ಟರೆಂಬ ಆಕ್ಷೇಪವನ್ನು ಅವರ ಗಾಯನ ಎದುರಿಸಿದ್ದೂ ಇದೇ ಕಾರಣಕ್ಕೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಆ ಆಕ್ಷೇಪ ನ್ಯಾಯವೆನಿಸಬಹುದು. ಆದರೆ ಅವರ ತೋಡಿಯನ್ನು ಒಮ್ಮೆ ಕೇಳಿದ ಮೇಲೆ ಅದನ್ನು ಎತ್ತುವ ಉತ್ಸಾಹ ಉಳಿಯುವುದು ಕಷ್ಟ.

ಯೌವನದಲ್ಲಿ ಅವರು ಬರೋಡಾ ಸಂಸ್ಥಾನದ ಆಶ್ರಯಕ್ಕೆ ಬಂದರು. ಅಲ್ಲಿ ರಾಜಮನೆತನದ ಸಂಬಂಧಿಯಾದ ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿಯವರಿಗೆ ಸಂಗೀತ ಕಲಿಸುವ ಅವಕಾಶ ಒದಗಿತು. ಪಾಠ ಪ್ರೇಮವಾಯಿತು, ಪ್ರೇಮಕ್ಕೆ ಆ ಊರಿನಲ್ಲಿ ಜಾಗವಿರಲಿಲ್ಲ. ಇಬ್ಬರೂ ಬರೋಡಾ ತೊರೆದು ಮುಂಬಯಿಗೆ ಬಂದರು. ದರಬಾರಿನ ನೆರಳು ತಪ್ಪಿತು, ಸಂಚಾರ ಆರಂಭವಾಯಿತು. ದಕ್ಷಿಣದ ಸೀಮೆಗೆ ಅವರನ್ನು ತಂದದ್ದು ಈ ಅಲೆದಾಟವೇ.

ಮೀರಜಿನಲ್ಲಿ ಪ್ಲೇಗಿಗೆ ತುತ್ತಾದ ಅವರು ಖ್ವಾಜಾ ಶಮ್ನಾ ಮೀರಾ ದರ್ಗಾದಲ್ಲಿ ಹಾಡಿ ಗುಣಮುಖರಾದರೆಂಬ ಪ್ರತೀತಿ ಇದೆ. ಅದನ್ನು ಪವಾಡವೆಂದು ನಂಬುವವರೂ ಉಂಟು, ಕಥೆಯೆಂದು ಬಿಡುವವರೂ ಉಂಟು. ಆದರೆ ಆ ದರ್ಗಾದೊಡನೆ ಅವರ ನಂಟು ಕೊನೆಯವರೆಗೆ ಉಳಿಯಿತು. ಮಗಳು ಹೀರಾಬಾಯಿ ಹುಟ್ಟಿದ್ದು 1905ರಲ್ಲಿ, ಇದೇ ಮೀರಜಿನಲ್ಲಿ.

ಆ ವೇಳೆಗೆ ಮೀರಜು ವಾದ್ಯಗಳ ಊರಾಗಿ ಅರ್ಧ ಶತಮಾನವಾಗಿತ್ತು. ಆಯುಧಗಳನ್ನು ಮಸೆದು ಸಾಣೆ ಹಿಡಿಯುವ ಶಿಕಲಗಾರ ಕುಟುಂಬಗಳಿಗೆ ಬ್ರಿಟಿಷ್ ಆಡಳಿತ ಬೇರೂರಿದಂತೆ ಕೆಲಸ ಕಡಿಮೆಯಾಯಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಫರೀದಸಾಹೇಬ ಎಂಬ ಕುಶಲಿ ಕತ್ತಿಯನ್ನು ಬಿಟ್ಟು ತಂತಿವಾದ್ಯಗಳಿಗೆ ಕೈಹಾಕಿದ, ಪಟವರ್ಧನ ಸಂಸ್ಥಾನಿಕರ ಪ್ರೋತ್ಸಾಹ ದೊರೆಯಿತು, ಶಿಕಲಗಾರರು ಸತಾರ್‌ಮೇಕರರಾದರು. ಪಂಢರಪುರದ ಸುತ್ತಿನಿಂದ ಬುರುಡೆಗಳು ಬರುತ್ತವೆ. ಅವನ್ನು ಒಣಗಿಸಿ, ಕೊಯ್ದು, ನೀರಿನಲ್ಲಿ ನೆನೆಸಿ ಹದಕ್ಕೆ ತಂದು, ಮೇಲೆ ಮರದ ತಬಲಿ ಹೊದಿಸಿ, ದಂಡಿಯನ್ನು ಕೂಡಿಸುತ್ತಾರೆ. ವಾದ್ಯ ನೋಡಲು ಇಷ್ಟಾದರೆ ಸಾಕು. ನುಡಿಯಲು ಸಾಲದು.

ನುಡಿಯುವ ಗುಟ್ಟು ಘೋಡಿಯಲ್ಲಿದೆ, ಅಂದರೆ ತಂತಿಗಳು ಹಾಯುವ ಅಗಲವಾದ ಸೇತುವೆಯಲ್ಲಿ. ಅದರ ಮೈಯನ್ನು ಬಹು ನಸುವಾಗಿ ಬಾಗಿಸಿ ಉಜ್ಜಿರುತ್ತಾರೆ. ತಂತಿಯ ಕೆಳಗೆ ಹತ್ತಿಯ ಒಂದು ಎಳೆಯನ್ನು ಸಿಕ್ಕಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. ಸರಿಯಾದ ಜಾಗ ಸಿಕ್ಕಿದಾಗ ಮಂಕಾಗಿದ್ದ ತಂತಿ ಥಟ್ಟನೆ ಅರಳಿ ಜೇನುಹುಟ್ಟಿನಂತೆ ಝೇಂಕರಿಸುತ್ತದೆ. ಇದನ್ನು ಜವಾರಿ ಎನ್ನುತ್ತಾರೆ. ಉತ್ತರ ಕರ್ನಾಟಕದವರಿಗೆ ಜವಾರಿ ಎಂದರೆ ನಾಟಿ ತಳಿಯ ಬದನೆ, ಸವತೆ ನೆನಪಾದೀತು; ಈ ಜವಾರಿ ಬೇರೆ. ಜೀವ ಎಂಬ ಮಾತಿಗೆ ಜೋಡಿಸಿ ಇದನ್ನು ವಿವರಿಸುವುದುಂಟು, ಮತ್ತು ಕೇಳಿದವರಿಗೆ ಆ ವಿವರಣೆ ಒಪ್ಪಿಗೆಯಾಗುತ್ತದೆ.

ಅಬ್ದುಲ್ ಕರೀಮ್ ಖಾನರು ಈ ಕೆಲಸವನ್ನು ಕುಶಲಿಗೆ ಒಪ್ಪಿಸಿ ದೂರ ಕೂರುವವರಲ್ಲ. ವಾದ್ಯವನ್ನು ತಾವೇ ಬಿಚ್ಚಿ, ತಿದ್ದಿ, ಮತ್ತೆ ಕೂಡಿಸುವುದರಲ್ಲಿ ಅವರು ನಿಪುಣರಾಗಿದ್ದರು. ಪ್ರವಾಸದಲ್ಲಿಯೂ ರಿಪೇರಿಯ ಉಪಕರಣಗಳು ಜತೆಗಿರುತ್ತಿದ್ದವು. ದೊಡ್ಡ ಗಾಯಕರು ಕೈಗೆ ಮರದ ಹೊಟ್ಟು ಮೆತ್ತಿಕೊಳ್ಳುವುದು ಆ ಕಾಲಕ್ಕೆ ಅಷ್ಟು ಗೌರವದ ಸಂಗತಿಯಾಗಿರಲಿಕ್ಕಿಲ್ಲ. ಆದರೆ ಅವರ ಗಾಯನ ಬೇಡಿದ್ದೇ ಅದನ್ನು. ಎತ್ತರದ ಶ್ರುತಿಯಲ್ಲಿ, ತೆಳುವಾದ ಆದರೆ ಬಿರುಕಿಲ್ಲದ ದನಿಯಲ್ಲಿ, ಒಂದೊಂದೇ ಸ್ವರವನ್ನು ನಿಲ್ಲಿಸಿ ರಾಗವನ್ನು ಅರಳಿಸುವವನಿಗೆ ಹಿಂದಿನ ಶ್ರುತಿ ನಸು ಕದಡಿದರೂ ಮರೆಯಲು ಜಾಗವಿಲ್ಲ. ತಾನಗಳ ಅಬ್ಬರದಲ್ಲಿ ಮುಚ್ಚಿಹೋಗುವ ದೋಷ ಅವರ ಹಾಡಿನಲ್ಲಿ ಬಯಲಿಗೆ ಬೀಳುತ್ತಿತ್ತು.

ತಂಬೂರಿಯ ನಾಲ್ಕು ತಂತಿಗಳಲ್ಲಿ ಕೊನೆಯದು ಖರ್ಜ. ದಪ್ಪನಾದ ಹಿತ್ತಾಳೆಯ ತಂತಿ, ಮಂದ್ರ ಷಡ್ಜದ್ದು. ಹೊಸೂರಿನ ಪೇಟೆಯಲ್ಲೋ ಬೆಂಗಳೂರಿನಲ್ಲೋ ರಜೆಯ ದಿನ ವಾದ್ಯದ ಅಂಗಡಿಗೆ ನುಗ್ಗಿ ಬಾಸ್ ಗಿಟಾರನ್ನು ಹೆಗಲಿಗೇರಿಸುವ ಇಂದಿನ ತರುಣ ಮೊದಲು ಮೀಟಿ ನೋಡುವುದೂ ಅತ್ಯಂತ ದಪ್ಪ ತಂತಿಯನ್ನೇ. ಅದು ಎದೆಗೆ ತಟ್ಟದಿದ್ದರೆ ವಾದ್ಯ ಗೋಡೆಗೆ ಹಿಂದಿರುಗುತ್ತದೆ. ತಂಬೂರಿಯ ಪರೀಕ್ಷೆಯೂ ಖರ್ಜದಲ್ಲಿಯೇ ನಡೆಯುತ್ತದೆ, ಆದರೆ ಅಲ್ಲಿ ಇನ್ನೊಂದು ಮಜಲಿದೆ. ಖರ್ಜ ಸರಿಯಾಗಿ ಕೂಡಿದಾಗ ಯಾರೂ ಮೀಟದ ಗಾಂಧಾರವೊಂದು ಮೇಲೆ ತೇಲಿ ಬರುತ್ತದೆ. ತಂತಿಯ ಮೂಲ ಕಂಪನದ 5 ಪಟ್ಟು ವೇಗದ ಉಪಸ್ವರವದು. ಹಾರ್ಮೋನಿಯಮ್ಮಿನ ಗಾಂಧಾರ ಇದಕ್ಕಿಂತ ಸ್ವಲ್ಪ ಏರಿರುತ್ತದೆ. ಎರಡನ್ನೂ ಒಟ್ಟಿಗೆ ಕೇಳಿದರೆ ಸೂಕ್ಷ್ಮ ಕಿವಿಗೆ ನೋವಾಗುತ್ತದೆ.

ಈ ಕಿವಿಯನ್ನು ಹುಡುಕಿಕೊಂಡು ಇಬ್ಬರು ಅಧಿಕಾರಿಗಳು ಬಂದರು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ನಿವೃತ್ತ ಡೆಪ್ಯುಟಿ ಕಲೆಕ್ಟರರು; ಅರ್ನೆಸ್ಟ್ ಕ್ಲೆಮೆಂಟ್ಸ್ ಐ.ಸಿ.ಎಸ್. ನ್ಯಾಯಾಧೀಶರು. ಶಾಸ್ತ್ರ ಹೇಳುವ 22 ಶ್ರುತಿಗಳನ್ನು ಅಳತೆಗೆ ಸಿಕ್ಕಿಸುವ ಹಂಬಲ ಇಬ್ಬರದೂ. ದೇವಲರ ಅಳತೆಗಳಿಗೆ ಅಬ್ದುಲ್ ಕರೀಮ್ ಖಾನರ ಕಂಠ ಆಧಾರವಾಯಿತು; ಶ್ರುತಿ ಹಾರ್ಮೋನಿಯಮ್ ಎಂಬ ಹೊಸ ವಾದ್ಯವೂ ಸಿದ್ಧವಾಯಿತು. 1916ರಲ್ಲಿ ಬರೋಡಾದಲ್ಲಿ ನಡೆದ ಅಖಿಲ ಭಾರತ ಸಂಗೀತ ಪರಿಷತ್ತಿನ ಮುಂದೆ ಅದನ್ನಿಟ್ಟಾಗ ವಿದ್ವಾಂಸರು ಒಪ್ಪಲಿಲ್ಲ. ಪ್ರಯೋಗ ಸೋತಿತು ಎನ್ನುವುದು ಸುಲಭ. ಓದುಬರಹದ ಸಂಗೀತಶಾಸ್ತ್ರ ಒಬ್ಬ ಉಸ್ತಾದನ ಗಂಟಲನ್ನು ಪ್ರಮಾಣವೆಂದು ಸ್ವೀಕರಿಸಿದ ಆ ಕೆಲವು ವರ್ಷಗಳು ಮಾತ್ರ ಸಣ್ಣವಲ್ಲ.

ಕನ್ನಡ ನಾಡಿಗೆ ಅವರಿಂದ ದೊರೆತುದು ಮುಖ್ಯವಾಗಿ ಕುಂದಗೋಳದ ಮೂಲಕ. 1886ರಲ್ಲಿ ಅಲ್ಲಿ ಹುಟ್ಟಿದ ರಾಮಭಾವು, ಮುಂದೆ ಸವಾಯಿ ಗಂಧರ್ವರೆಂದು ಹೆಸರಾದವರು, ಅವರ ಶಿಷ್ಯರಾದರು. ಎಂಟು ವರ್ಷ ಬಿಟ್ಟುಹೋಗುವಂತಿಲ್ಲ ಎಂಬುದು ಗುರುವಿನ ಕರಾರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇದೇ ಕೊಂಬೆಯ ಹೂಗಳು. ಬಾಲಕ ಭೀಮಸೇನರು ಮನೆ ಬಿಟ್ಟು ಓಡಿದ್ದಕ್ಕೆ ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮರಿಯ ತಟ್ಟೆಯೇ ಕಾರಣವೆಂಬುದು ಎಲ್ಲರೂ ಬಲ್ಲ ಸಂಗತಿ. ಕೊಡುವುದರ ಜತೆಗೆ ಪಡೆಯುವುದೂ ನಡೆದಿತ್ತು. ಧಾರವಾಡಕ್ಕೆ ಬಂದಾಗ ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರ ಮನೆಗೆ ಹೋಗಿ ಅವರ ಕರ್ನಾಟಕ ಸಂಗೀತವನ್ನು ಕೇಳುತ್ತಿದ್ದರು. ಮೈಸೂರಿನ ಆಸ್ಥಾನ ಅವರನ್ನು ಬರಮಾಡಿಕೊಂಡು ಸಂಗೀತರತ್ನ ಎಂದು ಗೌರವಿಸಿತು. ದಕ್ಷಿಣದ ಸ್ವರಕಲ್ಪನೆಯ ಕ್ರಮ ಅವರ ಸರಗಮ್‌ಗಳಿಗೆ ಇಳಿಯಿತು. ಖರಹರಪ್ರಿಯದ ತ್ಯಾಗರಾಜ ಕೃತಿಯೊಂದನ್ನು ಅವರು ಧ್ವನಿಮುದ್ರಿಸಿದ್ದೂ ಉಂಟು. ಉತ್ತರದ ಉಸ್ತಾದರೊಬ್ಬರು ಅಂದು ಹಾಗೆ ಮಾಡುವುದು ಅಪರೂಪ.

1913ರಲ್ಲಿ ಪುಣೆಯಲ್ಲಿ ಅವರು ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದರು. ನಾಯಿಯೊಂದಕ್ಕೆ ಸ್ವರ ಹಿಡಿಯಲು ಕಲಿಸಿ, ಟಿಪ್ಪು ಮಿಯಾ ಎಂದು ಹೆಸರಿಟ್ಟು, ಸಭೆಯ ಮುಂದೆ ನಿಲ್ಲಿಸಿದ ವಿನೋದವೂ ಅವರ ಬದುಕಿನಲ್ಲಿದೆ. ವಿನೋದ ಬಹುಕಾಲ ಉಳಿಯಲಿಲ್ಲ. 1922ರಲ್ಲಿ ತಾರಾಬಾಯಿಯವರು ಐವರು ಮಕ್ಕಳೊಡನೆ ಅವರನ್ನು ಬಿಟ್ಟು ಹೊರಟರು. ಮಕ್ಕಳ ಹೆಸರುಗಳು ಬದಲಾದವು. ಅಬ್ದುಲ್ ರಹಮಾನ್ ಸುರೇಶಬಾಬು ಮಾನೆಯಾದರು, ಚಂಪಾಕಲಿ ಹೀರಾಬಾಯಿಯಾದರು. ತಂದೆಯ ಹೆಸರು ಎಲ್ಲಿಯೂ ಉಳಿಯದ ಹಾಗೆ ಆ ಏರ್ಪಾಡು. ಅಬ್ದುಲ್ ಕರೀಮ್ ಖಾನರು ಮೀರಜಿಗೆ ಮರಳಿದರು. ಹೀರಾಬಾಯಿಯವರಿಗೆ ಪಾಠ ಹೇಳಿದವರು ಮುಖ್ಯವಾಗಿ ಕೈರಾನಾದವರೇ ಆದ ಅಬ್ದುಲ್ ವಹೀದ್ ಖಾನರು. ಮಗಳು ದೊಡ್ಡ ಗಾಯಕಿಯಾಗಿ ಬೆಳೆಯುವಾಗ ಗುರುವಿನ ಪೀಠದಲ್ಲಿ ತಂದೆ ಇರಲಿಲ್ಲ. ಆದರೂ ಆ ಮಕ್ಕಳ ದನಿಯಲ್ಲಿ ಯಾರ ಶ್ರುತಿ ಇದೆಯೆಂದು ಕೇಳುಗರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಅವರ ಧ್ವನಿಮುದ್ರಣಗಳಲ್ಲಿ ಹೆಚ್ಚು ಹೆಸರಾದವು 1930ರ ದಶಕದವು. ಒಂದು ಮುಖಕ್ಕೆ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ರಾಗ ಬಿಡಿಸುವವರಿಗೆ ಅದು ಅಂಗೈಯಗಲದ ಅಂಗಳ. ಅಷ್ಟರಲ್ಲಿಯೂ ಅವರು ಧಾವಿಸುವುದಿಲ್ಲ. ಬೀನ್ ನುಡಿಸಿದ ಮುದ್ರಿಕೆಯೂ ಇದೆ. ಅದನ್ನು ಕೇಳಿದರೆ ಕಂಠದ ಜಾಡೆಲ್ಲ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ.

1937ರ ಅಕ್ಟೋಬರಿನಲ್ಲಿ ಅವರು ಮದರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು, ಅರವಿಂದಾಶ್ರಮದಲ್ಲಿ ಹಾಡಬೇಕಾಗಿತ್ತು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡು, ಚೆಂಗಲ್ಪಟ್ಟಿನ ಹತ್ತಿರದ ಸಿಂಗಪೆರುಮಾಳ್ ಕೋವಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ರಾತ್ರಿಯ ಹೊತ್ತು, ತಮಿಳು ನಾಡಿನ ಅಪರಿಚಿತ ಊರು. ಶಿಷ್ಯರು ಪ್ಲಾಟ್‌ಫಾರಂ ಮೇಲೆ ಹಾಸಿಗೆ ಬಿಡಿಸಿದರು. ಅವರು ಎದ್ದು ಕುಳಿತು, ತಂಬೂರಿಯನ್ನು ಶ್ರುತಿಗೂಡಿಸಿ, ದರ್ಬಾರಿಯಲ್ಲಿ ಪ್ರಾರ್ಥನೆ ಹಾಡಿದರೆಂದು ಜತೆಗಿದ್ದವರ ನೆನಪು. ಅಕ್ಟೋಬರ್ 27ರಂದು ಅಲ್ಲಿಯೇ ತೀರಿಕೊಂಡರು.

ದೇಹವನ್ನು ಮೀರಜಿಗೆ ತಂದು ಖ್ವಾಜಾ ಶಮ್ನಾ ಮೀರಾ ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು. ಪ್ರತಿವರ್ಷದ ಉರುಸಿನಲ್ಲಿ ಅಲ್ಲಿ ಅವರ ಸ್ಮರಣೆಗೆ ಗಾಯಕರು ಹಾಡುತ್ತಾರೆ. ಮೀರಜಿನ ಸಿತಾರು ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಸತಾರ್‌ಮೇಕರ್ ಓಣಿಯಲ್ಲಿ ಈಗಲೂ ಕುಶಲಿ ಹತ್ತಿಯ ಎಳೆಯನ್ನು ತಂತಿಯ ಕೆಳಗೆ ಸರಿಸಿ ಖರ್ಜವನ್ನು ಮೀಟುತ್ತಾನೆ. ಎದುರಿಗೆ ಕುಳಿತ ಗಿರಾಕಿ ಗಾಂಧಾರಕ್ಕಾಗಿ ಕಾಯುತ್ತಾನೆ.