ವಚನಪಿತಾಮಹ ಶ್ರೀ ಫ. ಗು. ಹಳಕಟ್ಟಿಯವರು

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಹಿಡಿದು ಕೆಂಗೇರಿಯವರೆಗೆ ಹಬ್ಬಿರುವ ಶ್ರೀಮಠದ ಭಕ್ತಸಮೂಹದಲ್ಲಿ, ಪ್ರಾತಃಕಾಲದ ಲಿಂಗಪೂಜೆಯ ಅನಂತರ ವಚನಗ್ರಂಥವನ್ನು ಕೈಗೆತ್ತಿಕೊಳ್ಳುವ ಸದ್ಭಕ್ತರು ಅನೇಕರಿರುವರು. ಈ ಗ್ರಂಥವು ಒಂದಾನೊಂದು ಕಾಲದಲ್ಲಿ ಹುಳು ತಿನ್ನುತ್ತಲಿದ್ದ ತಾಳೆಗರಿಯ ಕಟ್ಟಾಗಿದ್ದಿತೆಂಬುದು ಅವರಲ್ಲಿ ಎಷ್ಟು ಜನರಿಗೆ ನೆನಪಿದ್ದೀತು? ಅದನ್ನು ಆ ಗತಿಯಿಂದ ಪಾರುಮಾಡಿದ ಮಹನೀಯರ ಚರಿತ್ರೆಯನ್ನು ಈ ಸಂಭ್ರಮದ ಸಂಪುಟದಲ್ಲಿ ಸ್ಮರಿಸುವುದು ನಮ್ಮ ಕರ್ತವ್ಯವಾಗಿದೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ಬಾಲ್ಯದಲ್ಲಿಯೇ ಮಾತೃವಿಯೋಗವಾಯಿತು. ಮುಂಬಯಿಯಲ್ಲಿ ಪದವಿಯನ್ನೂ ನ್ಯಾಯಶಾಸ್ತ್ರದ ಪರೀಕ್ಷೆಯನ್ನೂ ಮುಗಿಸಿದರು. ಅಲ್ಲಿದ್ದಾಗ ಮರಾಠಿ, ಗುಜರಾಥಿ ಜನರ ಭಾಷಾಭಿಮಾನವನ್ನು ಕಣ್ಣಾರೆ ಕಂಡು, ತಮ್ಮ ನುಡಿಯ ದೈನ್ಯಕ್ಕಾಗಿ ಮರುಗಿದರು. ಬಳಿಕ ವಿಜಾಪುರದಲ್ಲಿ ವಕೀಲಿಯನ್ನು ಕೈಕೊಂಡು ಸರಕಾರಿ ವಕೀಲರ ಪದವಿಗೂ ಏರಿದರು. ಬರಗಾಲವೇ ಬಂಧುವಾಗಿದ್ದ ಆ ಜಿಲ್ಲೆಯಲ್ಲಿ 1910ರಲ್ಲಿ ವಿದ್ಯಾಸಂಸ್ಥೆಯೊಂದನ್ನೂ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಸ್ಥಾಪಿಸುವುದರಲ್ಲಿ ಅವರೇ ಮುಂದಾಳುಗಳಾಗಿದ್ದರು. ಇಷ್ಟರಲ್ಲಿಯೇ ನಿಂತಿದ್ದರೂ ಅವರದು ಗೌರವದ ಬಾಳೇ ಆಗುತ್ತಿದ್ದಿತು.

ಆದರೆ ಅವರ ಮನಸ್ಸನ್ನು ಹಿಡಿದದ್ದು ಬೇರೆಯೇ. ಶರಣರ ವಚನಗಳು ಮನೆ ಮನೆಗಳ ಜಗುಲಿಯಲ್ಲಿ ಪೂಜೆಗೊಳ್ಳುತ್ತಲಿದ್ದವು, ಓದಲ್ಪಡುತ್ತಿರಲಿಲ್ಲ. ಕಟ್ಟನ್ನು ಬಿಚ್ಚಿದರೆ ಎಲ್ಲಿ ಅಪಚಾರವಾಗುವುದೋ ಎಂಬ ಅಂಜಿಕೆ ಕೆಲವರಿಗೆ. ಕೊಟ್ಟರೆ ಮರಳಿ ಬಾರದೆಂಬ ಅಂಜಿಕೆ ಮತ್ತೆ ಕೆಲವರಿಗೆ. ಗೆದ್ದಲಿಗೆ ಮಾತ್ರ ಯಾವ ಅಂಜಿಕೆಯೂ ಇರಲಿಲ್ಲ! ಹಳಕಟ್ಟಿಯವರು ಊರೂರು ತಿರುಗಿ, ಕಾಡಿ ಬೇಡಿ, ಆ ಗರಿಗಳನ್ನು ಸಂಪಾದಿಸಿ ಪ್ರತಿಮಾಡಿದರು. ಅವರು ಈ ಕಾರ್ಯಕ್ಕೆ ತೊಡಗುವ ಮುನ್ನ ಹೆಸರು ತಿಳಿದಿದ್ದ ವಚನಕಾರರು ಸುಮಾರು ಐವತ್ತು ಮಂದಿ. ಅವರ ಪರಿಶ್ರಮದಿಂದ ಆ ಸಂಖ್ಯೆ ಇನ್ನೂರನ್ನು ಮೀರಿತು.

ಸಂಗ್ರಹವನ್ನು ಅಚ್ಚಿಗಾಗಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅದು ಅಚ್ಚಾಗದೆ ಹಿಂದಿರುಗಿತು. ವರ್ಷಗಳ ದುಡಿಮೆ ಹೀಗೆ ಬಾಗಿಲಿಗೆ ಮರಳಿ ಬಂದಾಗ ಎಂಥವನ ಎದೆಯೂ ಕುಸಿದೀತು. ಅವರು ಬೆಳಗಾವಿಯಲ್ಲಿ ಮುದ್ರಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರತಂದರು. ಪರರ ಮುದ್ರಣಾಲಯವನ್ನು ನಂಬಿ ಈ ಕಾರ್ಯವು ಸಾಗದೆಂದು ಮನಗಂಡು, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅದಕ್ಕೆ ಬೇಕಾದ ಹಣ ಎಲ್ಲಿಂದ ಬಂದಿತು? ತಮ್ಮ ಸ್ವಂತ ಮನೆಯನ್ನೇ ಮಾರಿದರು.

ವಾಚಕ ಮಹಾಶಯರು ಇಲ್ಲಿ ಕ್ಷಣಕಾಲ ನಿಲ್ಲಬೇಕೆಂದು ಪ್ರಾರ್ಥನೆ. ರಣರಂಗದ ಧೈರ್ಯವನ್ನು ನಾವು ಬಲ್ಲೆವು. 1824ರ ಕಿತ್ತೂರಿನ ಕದನವನ್ನು ಕುರಿತು ಹಾಡುವೆವು, ಕುಣಿಯುವೆವು. ಆದರೆ ಹೆಂಡಿರು ಮಕ್ಕಳುಳ್ಳ ಗೃಹಸ್ಥನ ಭಯವು ಬೇರೆ ಬಗೆಯದು. ನಾಳಿನ ಅನ್ನದ ಭಯ, ನೆರೆಹೊರೆಯವರ ನಗೆಯ ಭಯ, ಕೈಹಿಡಿದ ಕೆಲಸ ಕೆಟ್ಟರೆ ಹಿಂದಕ್ಕೆ ಹೋಗಲು ಸೂರಿಲ್ಲವೆಂಬ ಭಯ. ಖಡ್ಗದ ಭಯವು ಒಂದು ದಿನದ್ದು. ಇದಾದರೋ ಪ್ರತಿದಿನವೂ ಬೆಳಗಾಗುತ್ತಲೇ ಹೊಸ್ತಿಲಲ್ಲಿ ಕುಳಿತಿರುವುದು. ಹಳಕಟ್ಟಿಯವರಿಗೆ ಈ ಭಯವೇ ಇರಲಿಲ್ಲವೆಂದು ಹೇಳುವುದು ಭಕ್ತಿಯ ಅತಿರೇಕವಾದೀತು. ಲೆಕ್ಕ ಬಲ್ಲ ವಕೀಲರು ಅವರು, ಬ್ಯಾಂಕು ಕಟ್ಟಿದವರು. ನಷ್ಟದ ವ್ಯಾಪಾರ ಯಾವುದೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ತಿಳಿದೂ ಮುಂದೆ ನಡೆದರು.

1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ, ಮರುವರ್ಷ ನವಕರ್ನಾಟಕ ವಾರಪತ್ರಿಕೆಯನ್ನೂ ಆರಂಭಿಸಿದರು. 1926ರಲ್ಲಿಯೇ ಬಳ್ಳಾರಿಯ ಸಾಹಿತ್ಯಸಮ್ಮೇಲನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು. ಆದರೆ ಗೌರವದಿಂದ ಕಾಗದದ ಸಾಲ ತೀರುವುದುಂಟೆ? ವಕೀಲಿಯು ಕ್ರಮೇಣ ಹಿಂದೆ ಸರಿಯಿತು, ವರಮಾನವು ಬತ್ತಿತು. ಬಾಡಿಗೆಯ ಮನೆ, ಹರಿದ ಕೋಟು ಇವು ಅವರ ಸಂಗಾತಿಗಳಾದವು. ಅವರ ಮನೆಯವರು ಈ ಬಡತನದ ಪಾಲನ್ನು ಹೊತ್ತುದನ್ನು ಚರಿತ್ರಕಾರರು ಇನ್ನೂ ತಕ್ಕಷ್ಟು ಬರೆದಿಲ್ಲವೆಂದು ನಮ್ಮ ಅಭಿಪ್ರಾಯ. ಆದರೂ ಶಿವಾನುಭವವು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. 1964ನೆಯ ಜೂನ್ 29ರಂದು ಅವರು ವಿಜಾಪುರದಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ಈಗ ನಾಡು ವಚನಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತಲಿದೆ. ಮಾರಿದ ಮನೆಯನ್ನು ಮತ್ತೆ ಕೊಳ್ಳುವ ಕಾಲವು ಮಾತ್ರ ಅವರ ಆಯುಷ್ಯದಲ್ಲಿ ಬರಲೇ ಇಲ್ಲ.